ಮುಳುಗಡೆಯವರು ನಿರಾಶ್ರಿತರಾ? ದೇಶಗಳು ಯಾರಿಗೆ ಬಾಗಿಲು ತೆರೆಯುತ್ತವೆ?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಬಾಗಲಕೋಟೆ):
ನಮಸ್ಕಾರ ಮೇಡಂ. ನಿರಾಶ್ರಿತರ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಮಾನವ ಹಕ್ಕುಗಳ ಪಾಠದಲ್ಲಿ ಆಶ್ರಯ ಕೇಳುವುದು ಎಲ್ಲರ ಹಕ್ಕು ಅಂತ ಓದಿದೆವು. ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ದೇಶಗಳು ತಮ್ಮ ಲಾಭ ನೋಡಿಕೊಂಡೇ ನಡೆಯುತ್ತವೆ ಅಂತಿದೆ. ಯಾವುದು ಸರಿ? ಇನ್ನೊಂದು ಮಾತು. ಆಲಮಟ್ಟಿ ಹಿನ್ನೀರಿಗೆ ಮನೆ ಹೋಗಿ ನವನಗರಕ್ಕೆ ಬಂದವರು ನಾವು. ಅಜ್ಜಿ "ನಾವೂ ನಿರಾಶ್ರಿತರೇ" ಅನ್ನುತ್ತಾಳೆ. ಹೌದಾ?

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕಿ, ವಿಜಯಪುರ):
ಅಜ್ಜಿಯ ಮಾತಿನಿಂದಲೇ ಶುರು ಮಾಡೋಣ ತಂಗಿ. ಕಾನೂನಿನ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ. 1951ರ ನಿರಾಶ್ರಿತರ ಒಪ್ಪಂದ ಎರಡು ವಿಷಯ ಕೇಳುತ್ತದೆ. ದೇಶದ ಗಡಿ ದಾಟಿದ್ದೀರಾ? ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಯಾವುದೋ ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಊರಲ್ಲಿ ಕಿರುಕುಳ ತಪ್ಪಿದ್ದಲ್ಲ ಅನ್ನುವ ನಿಮ್ಮ ಭಯಕ್ಕೆ ಆಧಾರ ಇದೆಯಾ? ಕೃಷ್ಣೆಯ ನೀರು ಏರಿ ಮನೆ ಬಿಟ್ಟವರು ಇದರೊಳಗೆ ಬರುವುದಿಲ್ಲ. ಅವರು ದೇಶದೊಳಗೇ ನೆಲೆ ಕಳೆದುಕೊಂಡವರು. ಅಂಥವರಿಗಾಗಿ ವಿಶ್ವಸಂಸ್ಥೆ 1998ರಲ್ಲಿ ಮಾರ್ಗಸೂಚಿ ತಂದಿತು, ದೊಡ್ಡ ಯೋಜನೆಗಳಿಗೆ ಊರು ಬಿಟ್ಟವರ ಮಾತೂ ಅದರಲ್ಲಿದೆ.

ಅಜ್ಜಿಯ ನೋವು ಚಿಕ್ಕದು ಅಂತ ಹೇಳುತ್ತಿಲ್ಲ. ಆದರೆ ಪರಿಹಾರ ಸಾಲದು ಅಂತ ಅವರು ಕಚೇರಿ ಮುಂದೆ ಧರಣಿ ಕೂರಬಹುದು, ಕೋರ್ಟಿಗೆ ಹೋಗಬಹುದು, ವೋಟು ಕೇಳಲು ಬಂದವರನ್ನು ನಿಲ್ಲಿಸಿ ಪ್ರಶ್ನೆ ಮಾಡಬಹುದು. ಉತ್ತರ ಕೊಡಬೇಕಾದ ಸರ್ಕಾರ ಒಂದಿದೆ. ಗಡಿ ದಾಟಿ ಬಂದವನಿಗೆ ಅದೇ ಇಲ್ಲ. ಎಷ್ಟೋ ಸಲ ಓಡಿಸಿದ್ದೇ ಅವನ ಸರ್ಕಾರ.

ಇನ್ನು ಹಕ್ಕಿನ ಮಾತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೇ ವಿಧಿಯನ್ನು ನಿಧಾನಕ್ಕೆ ಓದು. ಆಶ್ರಯ ಕೇಳುವ ಹಕ್ಕಿದೆ, ಸಿಕ್ಕರೆ ಅನುಭವಿಸುವ ಹಕ್ಕಿದೆ. ಕೊಡಲೇಬೇಕು ಅಂತ ಯಾವ ದೇಶಕ್ಕೂ ಹೇಳಿಲ್ಲ. ಆ ಸಂದಿಯಲ್ಲೇ ದೇಶಗಳ ಲೆಕ್ಕಾಚಾರ ನುಗ್ಗುವುದು.

1971 ನೋಡು. ಪೂರ್ವ ಪಾಕಿಸ್ತಾನದಲ್ಲಿ ಸೈನ್ಯದ ದಾಳಿ ಶುರುವಾದ ಮೇಲೆ ಸುಮಾರು 1 ಕೋಟಿ ಜನ ಭಾರತಕ್ಕೆ ಬಂದರು. ಮನೆಯ ಹಿರಿಯರನ್ನು ಕೇಳು, ಆ ನವೆಂಬರ್‌ನಿಂದ ಲಕೋಟೆಗೆ 5 ಪೈಸೆಯ ನಿರಾಶ್ರಿತರ ಪರಿಹಾರದ ಸ್ಟಾಂಪನ್ನು ಬೇರೆ ಅಂಟಿಸಬೇಕಿತ್ತು. ವಿಜಯಪುರದಿಂದ ಜಮಖಂಡಿಗೆ ಬರೆದ ಕಾಗದಕ್ಕೂ ಬಂಗಾಳದ ಆ ಶಿಬಿರಗಳಿಗೂ ಹಾಗೆ ನಂಟು ಬೆಳೆಯಿತು. ದೇಶಗಳು ಲಾಭ ನೋಡಿಕೊಂಡೇ ನಡೆಯುತ್ತವೆ ಅನ್ನುವ ವಾಸ್ತವವಾದಿ ಏನು ಹೇಳುತ್ತಾನೆ? ಖಜಾನೆಗೆ ಹೊರೆ, ಪಾಕಿಸ್ತಾನವನ್ನು ಒಡೆಯಲು ಸಿಕ್ಕ ಅವಕಾಶ, ಅದಕ್ಕೇ ಡಿಸೆಂಬರ್‌ನಲ್ಲಿ ಯುದ್ಧ. ಅದು ಸುಳ್ಳಲ್ಲ. ಆದರೆ ಅಷ್ಟು ತಿಂಗಳು ಗಡಿ ಮುಚ್ಚದೆ ಅನ್ನ ಹಾಕಿದ್ದೂ ಸುಳ್ಳಲ್ಲ. ಹಾಗಾಗಿ ಎರಡು ಪಾಠದಲ್ಲಿ ಒಂದನ್ನು ಬಿಡಬೇಡ. ದೇಶಗಳು ಏನು ಮಾಡುತ್ತವೆ ಅನ್ನುವುದಕ್ಕೆ ಒಂದು, ಏನು ಮಾಡಬೇಕು ಅನ್ನುವುದಕ್ಕೆ ಇನ್ನೊಂದು.

ನನಗೆ ಜಾಸ್ತಿ ಹಿಡಿಸಿದ್ದು ರಚನಾವಾದ. ಯಾರನ್ನು ಏನಂತ ಕರೆಯುತ್ತೇವೆ ಅನ್ನುವುದರಿಂದಲೇ ಎಷ್ಟೋ ತೀರ್ಮಾನ ಆಗಿಬಿಡುತ್ತದೆ ಅನ್ನುವ ವಾದ ಅದು. ಮುಂಡಗೋಡದ ಟಿಬೆಟಿನವರನ್ನು ನಾವು ಅತಿಥಿಗಳು ಅಂತೀವಿ. ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾಗಳನ್ನು ನುಸುಳುಕೋರರು ಅಂತೀವಿ. ಕಾನೂನಿನಲ್ಲಿ ಇಬ್ಬರೂ ವಿದೇಶಿಯರೇ, ಅಲ್ವಾ?

ಪ್ರಶ್ನೆ (ಅಂಗಡಿಕಾರರು, ಬೆಳಗಾವಿ):
ಮೇಡಂ, ಭಾರತ ಆ ಒಪ್ಪಂದಕ್ಕೆ ಸಹಿನೇ ಹಾಕಿಲ್ಲ ಅಂತಾರಲ್ರೀ. ಹಾಗಾದರೆ ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟಿನವರು ಯಾವ ಆಧಾರದ ಮೇಲೆ ಇಲ್ಲಿದ್ದಾರೆ? ನಮ್ಮ ಬಡವರೇ ಇಷ್ಟಿರುವಾಗ ಹೊರಗಿನವರನ್ನು ಯಾಕೆ ಸಾಕಬೇಕು? ಸಿಟ್ಟಾಗಬೇಡಿ.

ಉತ್ತರ:
ಸಿಟ್ಟು ಯಾಕ್ರೀ ಅಣ್ಣಾರ, ಕೇಳಬೇಕಾದ ಮಾತೇ. ಭಾರತ ಸಹಿ ಹಾಕಿಲ್ಲ, ನಿಜ. 1967ರ ಪೂರಕ ಒಪ್ಪಂದಕ್ಕೂ ಹಾಕಿಲ್ಲ. ಟಿಬೆಟಿನವರಿಗೆ ಸರ್ಕಾರ ನೋಂದಣಿ ಪತ್ರ ಕೊಡುತ್ತದೆ, ಅದರ ಮೇಲೆ ಇರುತ್ತಾರೆ. ಮುಂಡಗೋಡದಲ್ಲಿ 1960ರ ದಶಕದಲ್ಲಿ ನಮ್ಮ ರಾಜ್ಯ ಅವರಿಗೆ ಜಾಗ ಕೊಟ್ಟಿತು. ಅವರು ಕಾಡು ಕಡಿದು ಹೊಲ ಮಾಡಿಕೊಂಡರು. ನಾವು ಸಾಕಿದ್ದಕ್ಕಿಂತ ಅವರು ದುಡಿದು ಉಂಡಿದ್ದೇ ಹೆಚ್ಚು.

ಸಹಿ ಇಲ್ಲ ಅಂದರೆ ಹಕ್ಕೇ ಇಲ್ಲ ಅಂತಲ್ಲ. ನಮ್ಮ ಸಂವಿಧಾನದ 21ನೇ ವಿಧಿ "ನಾಗರಿಕ" ಅನ್ನುವುದಿಲ್ಲ, "ವ್ಯಕ್ತಿ" ಅನ್ನುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರಿಗೆ ಊರು ಬಿಡಿ ಅಂತ ಬೆದರಿಕೆ ಬಂದಾಗ, ಅವರ ಜೀವ ಕಾಯುವುದು ರಾಜ್ಯದ ಹೊಣೆ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆದರೆ 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯ ಬಂದಾಗ ಅದೇ ಕೋರ್ಟು ಗಡೀಪಾರು ತಡೆಯಲಿಲ್ಲ. ನಿಯಮ ಪಾಲಿಸಿ ಕಳಿಸಬಹುದು ಅಂತು. ನನಗೆ ಇದು ನೋವಿನ ತೀರ್ಪು. ಜೀವಕ್ಕೆ ಅಪಾಯ ಇರುವ ಕಡೆಗೆ ಯಾರನ್ನೂ ವಾಪಸ್ ದೂಡಬಾರದು ಅನ್ನುವುದು ನಿರಾಶ್ರಿತರ ಕಾನೂನಿನ ಬೆನ್ನೆಲುಬು. ಅದು ಮುರಿದರೆ ಉಳಿದದ್ದು ಬರೀ ಕಾಗದ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಹಾಗಾದರೆ ಸೆಮಿನಾರ್‌ಗೆ ಯಾವ ಉದಾಹರಣೆ ಹಿಡಿಯಲಿ ಮೇಡಂ?

ಉತ್ತರ:
ಟಿಬೆಟ್ ಮತ್ತು ರೋಹಿಂಗ್ಯಾ, ಎರಡನ್ನೂ ಪಕ್ಕಪಕ್ಕ ಇಡು. ಮುಂಡಗೋಡ ದೂರ ಇಲ್ಲ, ಸಾಧ್ಯವಾದರೆ ಒಂದು ದಿನ ಹೋಗಿ ಬಾ. ಶುರುವಿನಲ್ಲಿ ಅಜ್ಜಿಯ ಮಾತು ಹೇಳು, ಆದರೆ ಮೊದಲು ಅವರನ್ನು ಕೇಳು. ಹಳೇ ಮನೆಯಿಂದ ಏನೇನು ತಂದರು ಅಂತಲೂ ಕೇಳಿ ಬರೆದುಕೋ.