ಹಳೇ ಕಾರು, ಸ್ಟೇರಿಂಗ್ ಸಡಿಲ: ರ‍್ಯಾಕ್ ಬದಲಿಸಲೇಬೇಕಾ?

ನಾಲ್ಕುಚಕ್ರ:

ಎಲ್ಲರಿಗೂ ನಮಸ್ಕಾರ. ನನ್ನದು 20 ವರ್ಷ ದಾಟಿದ ಚಿಕ್ಕ ಹ್ಯಾಚ್‌ಬ್ಯಾಕ್. ರ‍್ಯಾಕ್ ಅಂಡ್ ಪಿನಿಯನ್ (ಸ್ಟೇರಿಂಗ್ ಶಾಫ್ಟ್ ತುದಿಯ ಪಿನಿಯನ್ ಎಂಬ ಹಲ್ಲಿನ ಗಾಲಿ, ರ‍್ಯಾಕ್ ಎಂಬ ಹಲ್ಲಿನ ಬಾರನ್ನು ಪಕ್ಕಕ್ಕೆ ಸರಿಸಿ ಚಕ್ರ ತಿರುಗಿಸುವ ವ್ಯವಸ್ಥೆ), ಪವರ್ ಸ್ಟೇರಿಂಗ್ ಇಲ್ಲ. ಇತ್ತೀಚೆಗೆ ಸ್ಟೇರಿಂಗ್ ತುಂಬಾ ಸಡಿಲ ಆಗಿದೆ. ನೇರ ರಸ್ತೆಯಲ್ಲೂ ಸಣ್ಣಗೆ ಎಡಕ್ಕೆ ಬಲಕ್ಕೆ ತಿದ್ದುತ್ತಲೇ ಇರಬೇಕು. ಗಂಟೆಗೆ 60 ಕಿ.ಮೀ. ದಾಟಿತು ಅಂದರೆ ಗಾಡಿ ತೇಲಿದ ಹಾಗಾಗುತ್ತದೆ. ಕಿತ್ತುಹೋದ ರಸ್ತೆಯಲ್ಲಿ ಎಡ ಮುಂಭಾಗದಿಂದ ಟಕ್ ಟಕ್ ಸದ್ದು ಬೇರೆ. ವಿಚಿತ್ರ ಅಂದರೆ ದೊಡ್ಡ ಹಂಪ್ ಹತ್ತಿ ಇಳಿದರೆ ಆ ಸದ್ದು ಬರುವುದಿಲ್ಲ.

ಒಬ್ಬ ಮೆಕ್ಯಾನಿಕ್ ಕಿಟಕಿಯಿಂದಲೇ ಕೈ ಹಾಕಿ ಸ್ಟೇರಿಂಗ್ ಅಲ್ಲಾಡಿಸಿ, "ರ‍್ಯಾಕ್ ಹೋಗಿದೆ, ಪೂರ್ತಿ ಹೊಸದು ಹಾಕಬೇಕು" ಎಂದರು. ಇನ್ನೊಬ್ಬರು "ರ‍್ಯಾಕ್ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಬಿಗಿ ಮಾಡಿದರೆ ಮುಗೀತು" ಎನ್ನುತ್ತಾರೆ. ಯಾರ ಮಾತು ಕೇಳಲಿ? ವೀಲ್ ಅಲೈನ್‌ಮೆಂಟ್ ಮಾಡಿಸಿಯೂ ಆಯಿತು. ಸ್ವಲ್ಪ ದಿನ ಪರವಾಗಿಲ್ಲ ಅನಿಸಿತು, ಆಮೇಲೆ ಮತ್ತೆ ಅದೇ ಕಥೆ.

ಜ್ಯಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ಎಲ್ಲಾ ಇದೆ. ಸ್ಟೇರಿಂಗ್ ಹಿಡಿದು ಕೂರಲು ಮಗಳು ಸಿಗುತ್ತಾಳೆ. ಏನೇನು ನೋಡಬೇಕು ಹೇಳಿದರೆ ನಾನೇ ನೋಡಿಕೊಳ್ಳುತ್ತೇನೆ.

ಗಾಳಿಪಟ:

ಮೊದಲು ಟೈರ್ ಗಾಳಿ ನೋಡಿ ಸರ್. ಮುಂದಿನ ಎರಡೂ ಟೈರ್‌ನಲ್ಲಿ ಗಾಳಿ ಕಡಿಮೆ ಇದ್ದರೂ ಹೀಗೇ ತೇಲುತ್ತದೆ. ಸುಮ್ನೆ ರ‍್ಯಾಕ್ ತನಕ ಯಾಕೆ ಹೋಗಬೇಕು?

ಗ್ರೀಸ್‌ಕೈ:

ಗಾಳಿ ನೋಡುವುದು ಸರಿಯೇ, ಆದರೆ ಟಕ್ ಟಕ್ ಸದ್ದು ಗಾಳಿಯಿಂದ ಬರುವುದಿಲ್ಲ. ನಾನು ಗ್ಯಾರೇಜ್ ಇಟ್ಟವನಲ್ಲ, ಹಳೇ ಗಾಡಿಗಳ ಚಾಳಿ ಇರುವವನು ಅಷ್ಟೇ. ಇದರಲ್ಲಿ ನನಗಿರುವ ಹಟ ಒಂದೇ: ಪ್ಲೇ, ಅಂದರೆ ಸಡಿಲ ಆಟ, ಎಲ್ಲಿದೆ ಎಂದು ಕಣ್ಣಿಗೆ ಕಾಣುವ ತನಕ ಯಾವ ನಟ್ಟಿಗೂ ಸ್ಪ್ಯಾನರ್ ಹಾಕಬಾರದು. ಆ ಸ್ಕ್ರೂಗಂತೂ ಸದ್ಯ ಕೈ ಹಚ್ಚಲೇಬೇಡಿ, ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಪ್ಲೇ ಬೇರೆ, ತೇಲುವುದು ಬೇರೆ. ಇವೆರಡನ್ನು ಮೊದಲು ಬಿಡಿಸಿಕೊಳ್ಳಿ. ಚಕ್ರ ನೇರ ಇಟ್ಟು ಗಾಡಿ ನಿಲ್ಲಿಸಿ, ಸ್ಟೇರಿಂಗ್ ಲಾಕ್ ಬಿಡುವಷ್ಟು ಕೀ ತಿರುಗಿಸಿ. ರಿಮ್ ಪಕ್ಕದಲ್ಲಿ ಸ್ಕೇಲ್ ಹಿಡಿದು, ಒಂದೇ ಬೆರಳಿನಿಂದ ಎಡಕ್ಕೂ ಬಲಕ್ಕೂ ತಳ್ಳಿ. ಟೈರ್ ಅಲುಗುವ ಮುಂಚೆ ರಿಮ್ ಎಷ್ಟು ಓಡಾಡುತ್ತದೋ ಅದೇ ಪ್ಲೇ. ಇಂಥ ಎಷ್ಟೋ ಚಿಕ್ಕ ಕಾರುಗಳ ಮ್ಯಾನುಯಲ್‌ನಲ್ಲಿ ಇದಕ್ಕೆ 30 ಮಿ.ಮೀ. ಮಿತಿ ಕೊಟ್ಟಿರುತ್ತಾರೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಅದರೊಳಗೆ ಇದ್ದೂ ಗಾಡಿ ತೇಲುತ್ತಿದ್ದರೆ ಟೈರ್, ಅಲೈನ್‌ಮೆಂಟ್, ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕೆಳಗಡೆ ಗಾಡಿಯ ಮೈಗೆ ಜೋಡಿಸುವ ತೋಳಿನ ರಬ್ಬರ್) ಕಡೆ ಹೋಗಬೇಕು. ಮಿತಿ ದಾಟಿದ್ದರೆ ಎಲ್ಲೋ ಜಾಯಿಂಟ್ ಸವೆದಿದೆ ಅಥವಾ ಬೋಲ್ಟ್ ಸಡಿಲ ಆಗಿದೆ.

ಈಗ ಮಗಳನ್ನು ಕೂರಿಸಿ. ಗಾಡಿ ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಚಕ್ರ ಎತ್ತಿದರೆ ನೆಲದ ಹಿಡಿತ ಇರುವುದಿಲ್ಲ, ಜಾಯಿಂಟ್‌ಗಳ ಮೇಲೆ ಒತ್ತಡ ಬೀಳುವುದಿಲ್ಲ, ಸಣ್ಣ ಪ್ಲೇ ಎಲ್ಲಾ ಬಚ್ಚಿಟ್ಟುಕೊಳ್ಳುತ್ತದೆ. ಪಿಟ್ ಅಥವಾ ರ‍್ಯಾಂಪ್ ಸಿಕ್ಕಿದರೆ ಒಳ್ಳೆಯದು. ರ‍್ಯಾಂಪ್ ಆದರೆ ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಸ್ಟೇರಿಂಗ್ ಜೋರಾಗಿ ತಿರುಗಿಸುವುದು ಬೇಡ. ಕೈಗೆ ಬಿಗಿ ಸಿಗುವ ತನಕ ಬಲಕ್ಕೆ, ಮತ್ತೆ ಬಿಗಿ ಸಿಗುವ ತನಕ ಎಡಕ್ಕೆ, ಒಂದೇ ಸಮನೆ ಆಡಿಸುತ್ತಿರಲಿ. ನೀವು ಮೇಲಿನಿಂದ ಕೆಳಗೆ ಬನ್ನಿ.

ಮೊದಲು ಪೆಡಲ್ ಹತ್ತಿರ ಬಗ್ಗಿ. ಅಲ್ಲಿ ಕಾಲಂ ಶಾಫ್ಟ್‌ನ (ಸ್ಟೇರಿಂಗ್‌ನಿಂದ ಕೆಳಗಿಳಿಯುವ ದಂಡ) ಯೂನಿವರ್ಸಲ್ ಜಾಯಿಂಟ್, ಅಂದರೆ ಓರೆಯಲ್ಲೂ ತಿರುಗುವ ಕೀಲು, ಇರುತ್ತದೆ. ಜಾಯಿಂಟ್ ಮೇಲೆ ಕೈ ಇಡಿ. ಮೇಲಿನ ತುಂಡು ಹೊರಳಿದ ಮೇಲೆ ಒಂದು ಕ್ಷಣ ತಡವಾಗಿ ಕೆಳಗಿನದು ಹೊರಳಿದರೆ ಕಳ್ಳ ಅಲ್ಲೇ ಸಿಕ್ಕ. ಶಾಫ್ಟನ್ನು ಕಚ್ಚಿ ಹಿಡಿಯುವ ಬೋಲ್ಟ್ ಮಾತ್ರ ಸಡಿಲ ಆಗಿರುವುದೂ ಉಂಟು.

ಅಲ್ಲಿ ಸರಿ ಇದ್ದರೆ ಕೆಳಗೆ ಬಂದು ರ‍್ಯಾಕ್ ಮೈ ನೋಡಿ. ರ‍್ಯಾಕ್ ಒಳಗಿನ ಬಾರ್ ಓಡಾಡಬೇಕು, ಹೊರಗಿನ ಕವಚ ಓಡಾಡಬಾರದು. ಕವಚವನ್ನು ಗಾಡಿಯ ಮೈಗೆ ಬಿಗಿದಿಡುವ ಕ್ಲ್ಯಾಂಪ್ ಕೆಳಗಿನ ರಬ್ಬರ್ ಎಂಜಿನ್ ಆಯಿಲ್ ಕುಡಿದು ಮೆತ್ತಗಾಗಿದ್ದರೆ ಇಡೀ ರ‍್ಯಾಕೇ ಪಕ್ಕಕ್ಕೆ ಜರುಗುತ್ತದೆ. ಕವಚಕ್ಕೂ ಬಾಡಿಗೂ ಸೇರಿ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ. ಸ್ಟೇರಿಂಗ್ ಆಡಿಸಿದಾಗ ಗೆರೆ ಎರಡಾಗಿ ಕಂಡರೆ ತಪ್ಪು ಆ ರಬ್ಬರಿನದು. "ರ‍್ಯಾಕ್ ಹೋಗಿದೆ" ಎಂದು ತೀರ್ಪು ಕೊಟ್ಟ ಎಷ್ಟೋ ಕಡೆ ಹೋಗಿದ್ದು ಬರೀ ಈ ರಬ್ಬರ್.

ಆಮೇಲೆ ಟೈ ರಾಡ್ ಎಂಡ್, ಅಂದರೆ ರ‍್ಯಾಕ್‌ನಿಂದ ಚಕ್ರದ ಕಡೆ ಹೋಗುವ ರಾಡ್‌ನ ಹೊರತುದಿಯ ಕೀಲು. ಹೆಬ್ಬೆರಳನ್ನು ಅರ್ಧ ರಾಡ್ ಮೇಲೆ, ಅರ್ಧ ಸ್ಟೇರಿಂಗ್ ಆರ್ಮ್ (ಚಕ್ರ ತಿರುಗಿಸಲು ಆ ರಾಡ್ ಎಳೆಯುವ ತೋಳು) ಮೇಲೆ ಬರುವಂತೆ ಒತ್ತಿ ಹಿಡಿಯಿರಿ. ಚೆನ್ನಾಗಿದ್ದರೆ ಎರಡೂ ಒಟ್ಟಿಗೆ ಚಲಿಸುತ್ತವೆ. ಸವೆದಿದ್ದರೆ ರಾಡ್ ಮೊದಲು ಹೋಗಿ ಆಮೇಲೆ ಆರ್ಮ್ ಎಳೆಯುತ್ತದೆ. ಕಣ್ಣು ತಪ್ಪಬಹುದು, ಬೆರಳಿಗೆ ಆ ಕುಟುಕು ಗೊತ್ತಾಗಿಯೇ ಆಗುತ್ತದೆ. ರಾಡ್‌ನ ಒಳತುದಿಯ ಜಾಯಿಂಟ್ ಬೆಲ್ಲೋಸ್ ಎಂಬ ಸುಕ್ಕುಸುಕ್ಕಾದ ರಬ್ಬರ್ ಚೀಲದ ಒಳಗಿರುತ್ತದೆ. ಹೊರಗಿನಿಂದ ಬೆಲ್ಲೋಸನ್ನು ಅಮುಕಿ ಹಿಡಿದು ಅದೇ ಪರೀಕ್ಷೆ ಮಾಡಿ. ಬೆಲ್ಲೋಸ್ ಹರಿದಿದ್ದರೆ ನೀರು, ಮಣ್ಣು ಒಳಗೆ ಹೋಗಿರುತ್ತದೆ. ಆಗ ರ‍್ಯಾಕ್ ಬಗ್ಗೆ ಅನುಮಾನ ಪಡಬೇಕಾದ್ದೇ.

ಇಷ್ಟಾದ ಮೇಲೆ ಜ್ಯಾಕ್. ಸ್ಟ್ಯಾಂಡ್ ಕೊಡದೆ ಮಾತ್ರ ಕೆಳಗೆ ತಲೆ ಹಾಕಬೇಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಮಗಳಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಲೋಯರ್ ಆರ್ಮ್ ತುದಿಯಲ್ಲಿ ಚಕ್ರದ ಭಾಗವನ್ನು ಹಿಡಿಯುವ ಗುಂಡು ಕೀಲು). ಬಾಲ್ ಜಾಯಿಂಟ್ ಆಗಿದ್ದರೆ ರಿಪೇರಿ ಆಗುವ ತನಕ ಗಾಡಿ ತೆಗೆಯಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ.

ಸದ್ದಿನ ವಿಷಯ. ಕಿತ್ತ ರಸ್ತೆಯಲ್ಲಿ ಒತ್ತಡ ಪಟಪಟನೆ ಆ ಕಡೆ ಈ ಕಡೆ ಬದಲಾಗುತ್ತದೆ, ಸಡಿಲ ಜಾಯಿಂಟ್ ಎರಡೂ ಕಡೆ ಬಡಿಯುತ್ತದೆ. ದೊಡ್ಡ ಹಂಪ್‌ನಲ್ಲಿ ಒತ್ತಡ ನಿಧಾನವಾಗಿ ಒಂದೇ ಕಡೆ ಬೀಳುತ್ತದೆ, ಅದಕ್ಕೇ ಸದ್ದಿಲ್ಲ. ನನ್ನ ಅನುಮಾನ ಎಡ ಟೈ ರಾಡ್ ಎಂಡ್ ಮೇಲೆ.

ಆ ಸ್ಕ್ರೂ ಇರುವುದು ರ‍್ಯಾಕ್ ಬಾರನ್ನು ಪಿನಿಯನ್‌ಗೆ ಒತ್ತಿ ಹಿಡಿಯಲು. ಗಾಡಿ ಹೆಚ್ಚು ಓಡುವುದು ನೇರವಾಗಿ ಅಲ್ವಾ, ಹಲ್ಲು ಸವೆಯುವುದೂ ನಡುವೆಯೇ. ನಡುವಿನ ಸಡಿಲ ಹೋಗುವಷ್ಟು ಬಿಗಿ ಮಾಡಿದರೆ ಸವೆಯದ ಎರಡು ತುದಿಗಳಲ್ಲಿ ಅದು ಅತಿ ಬಿಗಿ ಆಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸಡಿಲ ಸ್ಟೇರಿಂಗ್‌ಗಿಂತ ಅದು ಕೆಟ್ಟದ್ದು.

ಅಲೈನ್‌ಮೆಂಟ್ ನಿಲ್ಲದ್ದೂ ಇದೇ ಕಾರಣಕ್ಕೆ ಇರಬೇಕು. ಜಾಯಿಂಟ್ ಅಲ್ಲಾಡುವಾಗ ಅಲೈನ್‌ಮೆಂಟ್ ಮಾಡಿಸುವುದು ಕಾವು ಸಡಿಲವಾದ ಗುದ್ದಲಿಗೆ ಸಾಣೆ ಹಿಡಿಸಿದ ಹಾಗೆ. ಅಂಗೈಯನ್ನು ಟೈರ್ ಮೇಲೆ ಅಡ್ಡಡ್ಡ ಸವರಿ ನೋಡಿ. ಒಳಕ್ಕೆ ಸವರಿದಾಗ ನುಣುಪು, ಹೊರಕ್ಕೆ ಸವರಿದಾಗ ತರಚು (ಅಥವಾ ಅದರ ಉಲ್ಟಾ) ಸಿಕ್ಕಿದರೆ ಚಕ್ರ ಓರೆಯಾಗಿ ಉಜ್ಜಿಕೊಂಡು ಓಡುತ್ತಿದೆ ಎಂದೇ ಅರ್ಥ.

ಜೀಪುವಾಲ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಹಳೇ ಜೀಪು, ರ‍್ಯಾಕ್ ಬದಲು ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್‌ನ ಗೇರ್ ಪೆಟ್ಟಿಗೆ) ಇರುವುದು. ಇದಕ್ಕೂ ಇದೇ ಕ್ರಮವಾ?

ಗ್ರೀಸ್‌ಕೈ:

ಕ್ರಮ ಇದೇ, ನೋಡಬೇಕಾದ ಜಾಯಿಂಟ್‌ಗಳು ಮಾತ್ರ ಜಾಸ್ತಿ. ಬಾಕ್ಸ್ ಆದ ಮೇಲೆ ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕ್ (ಆ ತೋಳಿನ ಚಲನೆಯನ್ನು ಚಕ್ರದ ಕಡೆ ಒಯ್ಯುವ ರಾಡ್), ಆಮೇಲೆ ಟೈ ರಾಡ್. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟ್‌ಗಳನ್ನು ಮರೆಯಬೇಡಿ. ಬಾಕ್ಸ್ ಬುಡದಲ್ಲಿ ಚಾಸಿ ಬಿರುಕು ಬಿಟ್ಟಿದೆಯಾ ಎಂದೂ ಟಾರ್ಚ್ ಹಾಕಿ ನೋಡಿ. ಬಾಕ್ಸ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂಗೂ ಮೇಲೆ ಹೇಳಿದ ಮಾತೇ.

ನಾಲ್ಕುಚಕ್ರ:

ಗ್ರೀಸ್‌ಕೈ ಸರ್, ನೋಡಿದೆ. ರಿಮ್ ಹತ್ತಿರ 45 ಮಿ.ಮೀ. ಪ್ಲೇ ಬಂತು. ಕಾಲಂ ಜಾಯಿಂಟ್ ಗಟ್ಟಿ ಇದೆ. ಎಡ ಟೈ ರಾಡ್ ಎಂಡ್ ನೀವು ಹೇಳಿದ ಹಾಗೇ ಬೆರಳಿಗೆ ಕುಟುಕಿತು. ಅದರ ರಬ್ಬರ್ ಟೋಪಿ ಸುತ್ತಲೂ ಸೀಳಿದೆ. ಒಳಗೆ ಗ್ರೀಸ್ ಇರಬೇಕಾದ ಕಡೆ ಇಟ್ಟಿಗೆ ಪುಡಿ ಬಣ್ಣದ ತುಕ್ಕು. ಬಲಗಡೆಯದು ಬಿಗಿಯಾಗಿದೆ, ರಬ್ಬರೂ ಚೆನ್ನಾಗಿದೆ. ಬೆಲ್ಲೋಸ್ ಎರಡೂ ಹರಿದಿಲ್ಲ, ಒಳ ಜಾಯಿಂಟ್‌ನಲ್ಲಿ ಏನೂ ಸಿಗಲಿಲ್ಲ. 12-6 ಪರೀಕ್ಷೆಯಲ್ಲೂ ಆಟ ಇಲ್ಲ.

ಇನ್ನೊಂದು. ಚಾಕ್‌ಪೀಸಿನ ಗೆರೆ ಎರಡಾಯಿತು! ಒಂದು ಕ್ಲ್ಯಾಂಪ್ ಹತ್ತಿರ ರ‍್ಯಾಕ್ ಸುಮಾರು 2 ಮಿ.ಮೀ. ಜರುಗುತ್ತಿದೆ. ಅಲ್ಲಿನ ರಬ್ಬರ್ ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಿದೆ. ರ‍್ಯಾಕ್ ಉಳಿಯಿತು ಅಂದುಕೊಳ್ಳಲಾ?

ಗ್ರೀಸ್‌ಕೈ:

ಸದ್ಯಕ್ಕೆ ಉಳಿಯಿತು. ಎರಡು ಕಡೆಯ ಸಣ್ಣ ಸಡಿಲ ಸೇರಿ ನಿಮಗೆ ಅಷ್ಟು ದೊಡ್ಡ ಪ್ಲೇ ಕಂಡಿದೆ. ಎಡ ಟೈ ರಾಡ್ ಎಂಡ್ ಬದಲಿಸಿ, ಕ್ಲ್ಯಾಂಪ್ ರಬ್ಬರ್ ಎರಡೂ ಕಡೆ ಹೊಸದು ಹಾಕಿ. ಆಯಿಲ್ ಎಲ್ಲಿಂದ ತೊಟ್ಟಿಕ್ಕುತ್ತಿದೆ ಎಂದು ಹುಡುಕಿ ನಿಲ್ಲಿಸಿ, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ. ಬಲ ಟೈ ರಾಡ್ ಎಂಡ್ ಬಿಗಿ ಇದ್ದರೆ ಸುಮ್ನೆ ಬಿಡಿ. ಜೋಡಿಯಾಗಿಯೇ ಬದಲಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಳೇ ಎಂಡ್ ಬಿಚ್ಚುವ ಮುಂಚೆ, ಅದು ತಿರುಗದಂತೆ ರಾಡ್ ಮೇಲೆ ಬಿಗಿದಿರುವ ಲಾಕ್ ನಟ್ ಇರುವ ಜಾಗಕ್ಕೆ ಪೇಂಟ್ ಗುರುತು ಹಾಕಿ. ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಗೆ ಬಂತು ಎಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಜಾಯಿಂಟ್ ಎಳೆದು ಬಿಡಿಸುವ ಪುಲ್ಲರ್ ಇಲ್ಲದಿದ್ದರೆ ನಟ್ಟನ್ನು ತುದಿಯಲ್ಲಿ ಬಿಟ್ಟು, ಸ್ಟೇರಿಂಗ್ ಆರ್ಮ್‌ನ ಕಣ್ಣಿಗೆ (ಎಂಡ್ ಕೂರುವ ತೂತಿರುವ ಭಾಗ) ಪಕ್ಕದಿಂದ ಸುತ್ತಿಗೆಯಲ್ಲಿ ಹೊಡೆಯಿರಿ. ಥ್ರೆಡ್ ಮೇಲೆ ಹೊಡೆಯಬೇಡಿ. ನಟ್ಟನ್ನು ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿಯ ಅಳತೆ) ಬಿಗಿ ಮಾಡಿದಾಗ, ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್‌ನ ತೂತು ಸೇರದಿದ್ದರೆ, ಇನ್ನೂ ಸ್ವಲ್ಪ ಬಿಗಿ ಮಾಡಿ ಸೇರಿಸಿ. ಹಿಂದಕ್ಕೆ ಸಡಿಲಿಸಿ ಸೇರಿಸಬಾರದು. ಪಿನ್ ಹೊಸದೇ ಹಾಕಿ.

ಇಷ್ಟಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಅಲ್ಲಿ ಸ್ಟೇರಿಂಗ್ ನಡುವಿಗೆ ಲಾಕ್ ಮಾಡಿಯೇ ಶುರು ಮಾಡಲು ಹೇಳಿ. ಕೊನೆಗೆ ಸ್ಟೇರಿಂಗ್ ಸೊಟ್ಟ ನಿಂತರೆ ಟೈ ರಾಡ್ ಒಂದನ್ನು ಒಳಕ್ಕೆ, ಇನ್ನೊಂದನ್ನು ಅಷ್ಟೇ ಹೊರಕ್ಕೆ ತಿರುಗಿಸಿ ಸರಿ ಮಾಡಬೇಕು. ಕೆಲವರು ಸ್ಟೇರಿಂಗ್ ಕಿತ್ತು ಒಂದು ಹಲ್ಲು ಪಕ್ಕಕ್ಕೆ ಕೂರಿಸಿಬಿಡುತ್ತಾರೆ. ನೋಡಲು ನೇರ ಕಂಡರೂ ರ‍್ಯಾಕ್ ನಡುವಿನಲ್ಲಿ ಇರುವುದಿಲ್ಲ, ಗಾಡಿ ಒಂದು ಕಡೆ ಜಾಸ್ತಿ ತಿರುಗಿ ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ರಾಡ್ ತಿರುಗಿಸುವಾಗ ಬೆಲ್ಲೋಸ್ ಮುರುಚಿಕೊಳ್ಳದ ಹಾಗೆ ಅದರ ಕ್ಲಿಪ್ ಸಡಿಲಿಸಲಿ. ಗಾಡಿ ಇಳಿಸುವ ಮುಂಚೆ ಎರಡೂ ಲಾಕ್ ನಟ್‌ಗೆ ನೀವೇ ಸ್ಪ್ಯಾನರ್ ಹಾಕಿ ನೋಡಿ. ಅವಸರದಲ್ಲಿ ಅದನ್ನು ಕೈಬಿಗಿಯಲ್ಲೇ ಬಿಟ್ಟು ಕಳಿಸುವವರಿದ್ದಾರೆ.