ಹೊಟ್ಟೆಯ ಕೊಬ್ಬಿನಿಂದ ಸ್ತನ ಮರುರಚನೆ: ಸಿಸೇರಿಯನ್ ಆಗಿದ್ದರೆ ಆಗುತ್ತಾ?

ಪ್ರಶ್ನೆ (ದಾವಣಗೆರೆಯಿಂದ):
ನನಗೆ 44. ಕ್ಯಾನ್ಸರ್ ಆಗಿ ಎಡ ಸ್ತನ ತೆಗೆದಿದ್ದಾರೆ, ರೇಡಿಯೇಷನ್ನೂ ಮುಗಿದಿದೆ. ಸಿಲಿಕಾನ್ ಪ್ಯಾಡ್ ಸಾಕಾಗಿಹೋಗಿದೆ, ಸೆಕೆಗೆ ಬೆವರುತ್ತದೆ, ಬಗ್ಗಿದರೆ ಜಾರುತ್ತದೆ. ಡಾಕ್ಟರು ಡೀಪ್ ಫ್ಲ್ಯಾಪ್ ಮಾಡೋಣ, ಅಂದರೆ ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಸ್ತನ ಕಟ್ಟೋಣ ಅಂದರು. ಎರಡು ಸಿಸೇರಿಯನ್ ಆಗಿದೆ. ಬೆನ್ನಿನಿಂದ ತೆಗೆದರೆ ಸುಲಭ ಅಂತಾರೆ ಕೆಲವರು. ನಾನು ಟೈಲರ್, ತೋಳು ಮುಖ್ಯ.

ಉತ್ತರ 1 (ಡೀಪ್ ಮಾಡಿಸಿಕೊಂಡವಳು, ಮೈಸೂರು):
ನನಗೂ ಸಿಸೇರಿಯನ್ ಆಗಿತ್ತು. ಅಡ್ಡ ಗೆರೆಯ ಹೊಲಿಗೆ ಸಾಮಾನ್ಯವಾಗಿ ಅಡ್ಡಿಯಲ್ಲ. ಟಮ್ಮಿ ಟಕ್ (ಹೊಟ್ಟೆಯ ಜೋಲು ಚರ್ಮ, ಕೊಬ್ಬು ತೆಗೆಯುವ ಆಪರೇಷನ್) ಮಾಡಿಸಿದ್ದರೆ ಮಾತ್ರ ಕಷ್ಟ, ಬೇಕಾದ ಸಣ್ಣ ರಕ್ತನಾಳಗಳು ಆಗಲೇ ಕತ್ತರಿಸಿಹೋಗಿರುತ್ತವೆ. ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್) ತೆಗೆದರೆ ಅವು ಎಲ್ಲಿವೆ ಅಂತ ಗೊತ್ತಾಗುತ್ತದೆ. ಅದನ್ನು ಮೊದಲು ಕೇಳಿ.

ಚರ್ಮ, ಕೊಬ್ಬು ತೆಗೆಯುತ್ತಾರೆ, ಹೊಟ್ಟೆಯ ಸ್ನಾಯು ಉಳಿಸುತ್ತಾರೆ. ಆಮೇಲೆ ಅದರ ರಕ್ತನಾಳಗಳನ್ನು ಎದೆಯ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೊಲಿಯುತ್ತಾರೆ. ಟೈಲರಮ್ಮ, ಅಲ್ಲಿನ ದಾರ ಕೂದಲಿಗಿಂತ ಸಣ್ಣದು! ಆಪರೇಷನ್ ಉದ್ದ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಬಣ್ಣ, ಬಿಸಿ ನೋಡುತ್ತಿದ್ದರು, ನಿದ್ದೆ ಅನ್ನೋದೇ ಇಲ್ಲ. ರಕ್ತ ಕಟ್ಟಿದರೆ ಬೇಗ ಮತ್ತೆ ತೆರೆಯಬೇಕಲ್ವಾ, ಅದಕ್ಕೇ. ಕೆಲವು ದಿನ ಬಗ್ಗಿಕೊಂಡೇ ನಡೆದೆ. ಮುಟ್ಟಿದರೆ ಗೊತ್ತಾಗುವುದು ಈಗಲೂ ಕಡಿಮೆ. ಆದರೆ ಇದು ನನ್ನದೇ ಮೈ, ತೂಕ ಏರಿದರೆ ಅದೂ ಏರುತ್ತದೆ.

ಮೊಲೆತೊಟ್ಟು ಬೇಕಾದರೆ ಆಮೇಲೆ ಮಾಡುತ್ತಾರೆ. ನಾನು ಬೇಡ ಅಂದೆ.

ಉತ್ತರ 2 (ಫಿಸಿಯೋಥೆರಪಿಸ್ಟ್):
ಬೆನ್ನಿನ ವಿಧಾನ ಹಳೆಯದು, 1906ರಲ್ಲೇ ಇಟಲಿಯ ಟಾನ್ಸಿನಿ ವಿವರಿಸಿದ್ದರು. ಬೆನ್ನಿನ ಅಗಲವಾದ ಲ್ಯಾಟಿಸ್ಸಿಮಸ್ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಕಂಕುಳಿನ ಮೂಲಕ ಮುಂದಕ್ಕೆ ತಿರುಗಿಸುತ್ತಾರೆ. ನಾಳ ಕತ್ತರಿಸಿ ಹೊಲಿಯುವ ಗೋಜಿಲ್ಲ, ಸಮಯ ಕಡಿಮೆ. ಆದರೆ ಗಾತ್ರ ಸಾಲದೆ ಒಳಗೆ ಇಂಪ್ಲಾಂಟ್ (ಕೃತಕ ಚೀಲ) ಇಡಬೇಕಾಗಬಹುದು. ರೇಡಿಯೇಷನ್ ಆದ ಕಡೆ ಇಂಪ್ಲಾಂಟ್ ಸುತ್ತ ಗಟ್ಟಿಯಾಗುವ ಅಪಾಯ ಜಾಸ್ತಿ. ಬೆನ್ನಲ್ಲಿ ನೀರು ತುಂಬುವುದೂ ಇದೆ.

ನಿಮ್ಮ ಟೈಲರಿಂಗ್ ಕೆಲಸಕ್ಕೆ ಬಹುತೇಕ ತೊಂದರೆ ಇರಲಾರದು. ಕುರ್ಚಿಯಿಂದ ಕೈ ಊರಿ ಏಳುವುದು, ಭಾರ ಎಳೆಯುವುದು, ಈಜು, ಇಂಥದ್ದರಲ್ಲಿ ಬಲ ತಗ್ಗಬಹುದು. ನಿಮಗೆ ಹೊಟ್ಟೆಯಲ್ಲಿ ಕೊಬ್ಬು ಇದ್ದರೆ, ಡೀಪ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೈಕ್ರೋಸರ್ಜರಿ ಆಗಾಗ ಮಾಡುವ ಸರ್ಜನ್ ಆಗಿರಲಿ. ಸುಮ್ನೆ ಹತ್ತಿರದ್ದು ಅಂತ ಆರಿಸಬೇಡಿ.

ಪ್ರಶ್ನೆ ಕೇಳಿದವರು:
ಕ್ಯಾನ್ಸರ್ ಮರಳದಿರಲಿ ಅಂತ ಕೊಟ್ಟ ಟ್ಯಾಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ದೇನೆ. ಅದನ್ನು ನಿಲ್ಲಿಸಬೇಕಾ?

ಉತ್ತರ 1:
ರಕ್ತ ಹೆಪ್ಪುಗಟ್ಟುವ ಭಯಕ್ಕೆ ನನಗೆ ಸ್ವಲ್ಪ ಮುಂಚೆ ನಿಲ್ಲಿಸಿದ್ದರು. ನೀವಾಗೇ ನಿಲ್ಲಿಸಬೇಡಿ, ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಅವರನ್ನು ಕೇಳಿ. ಆಂಜಿಯೋ ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯಿರಿ.