‘ಯೋಜನೆ’ ಅಂದರೆ ನಮ್ಮ ಕಡೆ ಜಾಗ ಹೋಗುವುದು: ಬೇರೆ ಪದ ಇದೆಯಾ?

ಬಳಗದವರಿಗೆ ನಮಸ್ಕಾರ.

ಉತ್ತರ ಕನ್ನಡದ ಕುಮಟಾ, ಅಂಕೋಲಾ ಕಡೆಯ ಕೆಲವು ಗ್ರಾಮ ಪಂಚಾಯತಿಗಳಿಗೆ ಹವಾಮಾನ ಬದಲಾವಣೆಯ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಕಡಲ ಕೊರೆತ, ಗುಡ್ಡ ಕುಸಿತ, ನೆರೆ, ಬೇಸಿಗೆಯಲ್ಲಿ ಬಾವಿಗೆ ಬರುವ ಉಪ್ಪುನೀರು, ಇದನ್ನೆಲ್ಲ ಊರಿನ ಮುಂದಿನ ಲೆಕ್ಕಾಚಾರದೊಳಗೆ ತರುವುದು ಹೇಗೆ, ಯಾರು ಮುಂದೆ ನಿಂತು ಮಾಡಿಸಬೇಕು ಅನ್ನುವುದು ವಿಷಯ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ‘ಹವಾಮಾನ ಕ್ರಿಯಾ ಯೋಜನೆ’.

ಹವಾಮಾನವೋ ವಾಯುಗುಣವೋ ಅನ್ನುವ ಚರ್ಚೆ ದಯವಿಟ್ಟು ಬೇಡ. ಶಾಲೆ ಪಾಠದಲ್ಲಿ ವಾಯುಗುಣ ಇದೆ, ಪೇಪರಿನಲ್ಲಿ ಹವಾಮಾನ ಬದಲಾವಣೆ ಇದೆ. ಜನ ಓದುವುದು ಪೇಪರನ್ನೇ. ನಮಗೆ ತೊಡಕಾಗಿರುವುದು ‘ಯೋಜನೆ’.

ಒಂದು ಸಭೆಯಲ್ಲಿ ಈ ಹೆಸರು ಓದಿ ಹೇಳಿದ ಕೂಡಲೇ ಹಿಂದೆ ಕೂತಿದ್ದ ಮೀನು ಮಾರುವ ಅಮ್ಮ ಒಬ್ಬರು, “ಮತ್ತೊಂದು ಯೋಜನೆ ಬಂತಾ? ಈ ಸಲ ಯಾರ ಜಾಗ ಹೋತದೆ?” ಅಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ.

ಅವರದು ತಪ್ಪು ತಿಳಿವಳಿಕೆ ಅಂತ ಹೇಳೋಕಾಗಲ್ಲ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. ಕೈಗಾ ಅಣು ವಿದ್ಯುತ್ ಸ್ಥಾವರ ಬಂತು. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳೇ ಎದ್ದು ಹೋದವು. ತದಡಿಯಲ್ಲಿ ವಿದ್ಯುತ್ ಸ್ಥಾವರ ಅಂತ ಹೊರಟಿದ್ದು ಜನ ತಿರುಗಿಬಿದ್ದ ಮೇಲೆ ನಿಂತಿತು. ಈಗ ಬೇಡ್ತಿ-ವರದಾ ಜೋಡಣೆ, ಶರಾವತಿ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಬಿಟ್ಟು ವಿದ್ಯುತ್ ಮಾಡುವುದು) ಮಾತು. ಎಲ್ಲವೂ ಯೋಜನೆಗಳೇ. ಪ್ಲಾನ್, ಪ್ರಾಜೆಕ್ಟ್, ಸ್ಕೀಮ್ ಮೂರಕ್ಕೂ ಕನ್ನಡದಲ್ಲಿ ಒಂದೇ ಪದ ಇಟ್ಟುಕೊಂಡಿದ್ದೇವೆ. ಪಂಚವಾರ್ಷಿಕವೂ ಯೋಜನೆ, ಗೃಹಲಕ್ಷ್ಮಿಯೂ ಯೋಜನೆ, ಅಣೆಕಟ್ಟೂ ಯೋಜನೆ. ಬೇರೆ ಜಿಲ್ಲೆಯಲ್ಲಿ ಇದು ನಡೆದೀತು. ಇಲ್ಲಿ ಆ ಪದದ ಬೆನ್ನಿಗೇ ‘ನಿರಾಶ್ರಿತರು’ ಬರುತ್ತದೆ.

‘ಕ್ರಿಯಾ’ ಸೇರಿಸಿದರೆ ಇನ್ನೊಂದು ಗೋಜಲು. ಪಂಚಾಯತಿಯಲ್ಲಿ ಕ್ರಿಯಾ ಯೋಜನೆ ಅಂದರೆ ಕಾಮಗಾರಿ ಪಟ್ಟಿ. ಚರಂಡಿಗಿಷ್ಟು, ಮೋರಿಗಿಷ್ಟು. ಸದಸ್ಯರೊಬ್ಬರು ನೇರವಾಗಿ ಕೇಳಿದರು: “ನಮ್ಮ ವಾರ್ಡಿಗೆ ಎಷ್ಟು ಇಟ್ಟಿದ್ದೀರಿ?” (ಒಳ್ಳೆಯ ಪ್ರಶ್ನೆಯೇ. ದುಡ್ಡಿಡದ ಪಟ್ಟಿಯನ್ನು ಯಾರು ಓದುತ್ತಾರೆ?)

ಬದಲಿ ಪದ ಹುಡುಕಿದೆವು. ಮಹಾಯೋಜನೆ ಅಂದರೆ ಹೆದರಿಕೆಯೂ ಮಹಾ ಆಗುತ್ತದೆ. ಮುನ್ನೋಟದಲ್ಲಿ ನೋಟ ಇದೆ, ಕೆಲಸ ಇಲ್ಲ. ನನಗೆ ಮನಸ್ಸಿರುವುದು ‘ತಯಾರಿ’ ಮೇಲೆ. ಮಳೆಗಾಲದ ತಯಾರಿ ಅಂದರೆ ನಮ್ಮಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಸೌದೆ ಒಳಗೆ ಸೇರುತ್ತದೆ. ಎರಚಲು ಹೊಡೆಯದ ಹಾಗೆ ಗೋಡೆಗೆ ತೆಂಗಿನ ಮಡ್ಲಿನ ತಟ್ಟಿ ಕಟ್ಟುತ್ತಾರೆ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆ ನಿಲ್ಲುವುದರಿಂದ ಬೋಟುಗಳು ದಡ ಸೇರುತ್ತವೆ. ಶಿರಸಿ ಕಡೆ ಅಡಿಕೆಗೆ ಕೊಳೆ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು ಆಳು ಹೇಳಿಡುತ್ತಾರೆ. ಯಾರು ಯಾವ ಕೆಲಸಕ್ಕೆ ಮುಂದಾಗಬೇಕು ಅನ್ನುವುದೂ ಆ ಪದದಲ್ಲೇ ಇದೆ.

ಆದರೆ ತಯಾರಿ ಒಂದು ಮಳೆಗಾಲದ್ದು. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ತೀರಿಕೊಂಡದ್ದು 2009ರ ಅಕ್ಟೋಬರ್ 2ರಂದು. ಮಳೆ ಮುಗಿಯಿತು ಅಂತ ತಟ್ಟಿ ಬಿಚ್ಚುವ ಹೊತ್ತು ಅದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಂದದ್ದು ಭರ್ತಿ ಮಳೆಗಾಲದಲ್ಲೇ, ಆದರೂ ಮನೆಮಟ್ಟದ ಯಾವ ತಯಾರಿಯೂ ಅದನ್ನು ತಡೆಯುತ್ತಿರಲಿಲ್ಲ. ಮೂವತ್ತು ವರ್ಷದ ಮಾತಾಡುವಾಗ, ಗುಡ್ಡ ಎಲ್ಲಿ ಕಡಿಯಬಾರದು ಅಂತ ಹೇಳುವಾಗ, ಈ ಪದ ಸಾಲುತ್ತದಾ? ನನಗೆ ಅನುಮಾನ ಇದೆ.

ತೊಡಕಾಗಿರುವ ಎರಡನೆಯ ಪದ ‘ಹೊಂದಾಣಿಕೆ’. ಅಡಾಪ್ಟೇಶನ್ (ಬದಲಾದ ಹವಾಮಾನಕ್ಕೆ ತಕ್ಕಂತೆ ಬದುಕುವ ರೀತಿ ಬದಲಿಸಿಕೊಳ್ಳುವುದು) ಅನ್ನುವಲ್ಲೆಲ್ಲ ಇದನ್ನೇ ಬರೆಯುತ್ತಾರೆ. ನಾವು ದಿನಾ ಕೇಳುವ ಹೊಂದಾಣಿಕೆ ಎರಡೇ: ಚುನಾವಣೆಯಲ್ಲಿ ಸೀಟು ಹೊಂದಾಣಿಕೆ, ಮತ್ತೆ ಹೊಸ ಸೊಸೆಗೆ ಹೇಳುವ “ಸ್ವಲ್ಪ ಹೊಂದಾಣಿಕೆ ಮಾಡ್ಕೊ”. ಕಡಲು ಅಂಗಳಕ್ಕೆ ಬಂದಿರುವ ಮನೆಯವರಿಗೆ ಹೊಂದಾಣಿಕೆ ಮಾಡಿಕೊಳ್ಳಿ ಅಂತ ಅಚ್ಚು ಹಾಕಿ ಕೊಡಲು ನನಗಂತೂ ಕೈ ಬರುವುದಿಲ್ಲ.

ಕೆಲಸವನ್ನೇ ನೋಡಿದರೆ ಅದು ಇಲ್ಲಿಗೆ ಹೊಸದಲ್ಲ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯಲ್ಲಿ, ಕಗ್ಗ ಅನ್ನುವ ಭತ್ತ ಬೆಳೆಯುತ್ತಾರಲ್ವಾ? ಮಳೆಗಾಲದಲ್ಲಿ ಒಡ್ಡು ಹಾಕಿ ಉಪ್ಪುನೀರನ್ನು ಹೊರಗಿಡುತ್ತಾರೆ. ಆದರೂ ನುಗ್ಗಿದರೆ ಕಗ್ಗ ಸಾಯುವುದಿಲ್ಲ. ಎತ್ತರದ ಪೈರು, ದಿನಗಟ್ಟಲೆ ನೀರಲ್ಲಿ ನಿಲ್ಲುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ದಂಟು ಬಿಡುತ್ತಾರೆ. ಆಮೇಲೆ ಉಬ್ಬರದ ನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ಅಲ್ಲಿಯ ರೈತರು ಇದಕ್ಕೆ ಬೇರೆ ಹೆಸರು ಇಟ್ಟಿಲ್ಲ. ಕಗ್ಗ ‘ಉಪ್ಪಿಗೆ ತಡೆಯುತ್ತದೆ’ ಅನ್ನುತ್ತಾರೆ, ಅಷ್ಟೇ. ಈ ‘ತಡೆ’ ನನಗೆ ಇಷ್ಟ. ಆದರೆ ಹೆಸರುಪದ ಮಾಡಲು ಹೋದರೆ ಅಡ್ಡಿ ಅನ್ನುವ ಅರ್ಥವೇ ಮುಂದೆ ಬರುತ್ತದೆ. ‘ತಾಳಿಕೆ’ ಅಂದರೆ ಬಟ್ಟೆಗೆ, ಮರಕ್ಕೆ ಸರಿ. ಮನುಷ್ಯರಿಗೆ ಹೇಳಿದರೆ ತಾಳ್ಮೆ ಇಟ್ಟುಕೊಳ್ಳಿ ಅಂದಂತಾಗಿ ಮತ್ತೆ ಸೊಸೆಯ ಕತೆಗೇ ಬರುತ್ತೇವೆ.

‘ಪರಿಹಾರ’ ಬಿಟ್ಟೇಬಿಟ್ಟಿದ್ದೇವೆ. ಆ ಪದ ಕೇಳಿದರೆ ಇಲ್ಲಿ ಎಲ್ಲರಿಗೂ ಚೆಕ್ ನೆನಪಾಗುತ್ತದೆ.

ಇನ್ನೊಂದು ಚಿಕ್ಕ ಪ್ರಶ್ನೆ. ‘ಪ್ರಾದೇಶಿಕ’ ಅನ್ನುವುದಕ್ಕೆ ತಾಲ್ಲೂಕಿನ ಗೆರೆ ನಮಗೆ ಉಪಯೋಗಕ್ಕೆ ಬರುವುದಿಲ್ಲ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಕಡಲು ಸೇರುವುದು ಕುಮಟಾ ತಾಲ್ಲೂಕಿನಲ್ಲಿ. ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟ (ಜಗತ್ತಿನ ಮುಖ್ಯ ಜೌಗು ಪ್ರದೇಶ ಅನ್ನುವ ಮನ್ನಣೆ) ಸಿಕ್ಕಿದೆ, ಆದರೆ ಘಟ್ಟದ ಮೇಲಿನ ಕಾಡು ಬೋಳಾದರೆ ಕೆಳಗೆ ಬರುವುದು ಕೆಸರು. ಹೊನ್ನಾವರ ಕಡೆಯವರು ‘ಹೊಳೆಸಾಲು’ ಅನ್ನುವುದನ್ನು ಕೇಳಿದ್ದೇನೆ. ಅದು ದಡದ ಊರುಗಳಿಗಷ್ಟೇ ಸಲ್ಲುವ ಪದವೋ, ಘಟ್ಟದ ಮೇಲಿನ ತನಕ ಎಳೆಯಬಹುದೋ? ಆ ಕಡೆಯವರು ಯಾರಾದರೂ ಹೇಳಿ. ನಿಘಂಟಿನಿಂದ ಹೊಸದಾಗಿ ಕಟ್ಟಿದ ಪದ ಬೇಡ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದಿದ್ದರೆ ವಾಕ್ಯದ ಸಮೇತ ಬರೆಯಿರಿ.